ಎದೆಯುರಿ ಮತ್ತು ಹುಳಿತೇಗಿನ ಔಷಧಗಳು

ಜಠರದ ಆಮ್ಲ ಅನ್ನನಾಳಕ್ಕೆ ಏರುವುದರಿಂದ ಹುಟ್ಟುವ ಎದೆಯುರಿ, ಹುಳಿತೇಗು, ಬಾಯಿಗೆ ಹುಳಿನೀರು ಬರುವುದು ಮುಂತಾದ ತೊಂದರೆಗಳನ್ನು ತಗ್ಗಿಸಲು ಬಳಸುವ ಮದ್ದುಗಳು. ಇವು ಮುಖ್ಯವಾಗಿ ಮೂರು ಬಗೆಯಲ್ಲಿ ಕೆಲಸ ಮಾಡುತ್ತವೆ. ಕೆಲವು ಈಗಾಗಲೇ ಸುರಿದಿರುವ ಆಮ್ಲದ ತೀಕ್ಷ್ಣತೆಯನ್ನು ಕಳೆಯುತ್ತವೆ, ಕೆಲವು ಆಮ್ಲ ಮೇಲೇರದಂತೆ ಅಡ್ಡ ನಿಲ್ಲುತ್ತವೆ, ಉಳಿದವು ಆಮ್ಲದ ಉತ್ಪತ್ತಿಯನ್ನೇ ಕಡಿಮೆ ಮಾಡುತ್ತವೆ. ಸೋಡಾ ಪುಡಿಯಿಂದ ಹಿಡಿದು ಪ್ಯಾಂಟೊಪ್ರಝೋಲ್ ಗುಳಿಗೆಯವರೆಗೆ ಎಲ್ಲವನ್ನೂ ಜನ ‘ಗ್ಯಾಸಿನ ಔಷಧ’ ಎಂದೇ ಕರೆದರೂ ಒಂದರ ಕೆಲಸವನ್ನು ಇನ್ನೊಂದು ಮಾಡುವುದಿಲ್ಲ. ಯಾವ ಮದ್ದು, ಯಾವ ಹೊತ್ತಿಗೆ, ಎಷ್ಟು ದಿನ ಎಂಬ ಮೂರು ಪ್ರಶ್ನೆಗಳಿಗೆ ಸರಿಯಾದ ಉತ್ತರ ಸಿಕ್ಕಿದರೆ ಈ ಔಷಧಗಳಷ್ಟು ನೆಮ್ಮದಿ ಕೊಡುವಂಥವು ಕಡಿಮೆ. ಉತ್ತರ ತಪ್ಪಿದರೆ ವರ್ಷಗಟ್ಟಲೆ ಬೇಡದ ಗುಳಿಗೆ ನುಂಗುವುದು, ಇಲ್ಲವೇ ಹೃದಯಾಘಾತವನ್ನು ಗ್ಯಾಸ್ ಎಂದುಕೊಂಡು ಕೂರುವುದು, ಎರಡೂ ಆಗುತ್ತವೆ.

ತೊಂದರೆಯ ಮೂಲ

ಅನ್ನನಾಳ ಜಠರವನ್ನು ಸೇರುವ ಕಡೆ ಮೂರು ನಾಲ್ಕು ಸೆಂಟಿಮೀಟರ್ ಉದ್ದದ ಬಿಗಿಸ್ನಾಯು ಇದೆ. ತುತ್ತು ಇಳಿಯುವಾಗ ತೆರೆದುಕೊಂಡು ಉಳಿದ ಹೊತ್ತು ಬಿಗಿದಿರುವುದು ಅದರ ಕೆಲಸ. ವಪೆಯ ಸ್ನಾಯುಗಳೂ ಹೊರಗಿನಿಂದ ಅದಕ್ಕೆ ಬಲ ಕೊಡುತ್ತವೆ. ಹೊಟ್ಟೆ ಬಿರಿಯೆ ಉಂಡಾಗ ಈ ಸ್ನಾಯು ನುಂಗದಿದ್ದರೂ ಆಗಾಗ ಸಡಿಲಗೊಳ್ಳುತ್ತದೆ, ಆಗ ಆಮ್ಲ ಮೇಲೇರುತ್ತದೆ. ಬೊಜ್ಜು, ಬಸಿರು, ಬೀಡಿ ಸಿಗರೇಟು, ಮದ್ಯ, ಉಂಡೊಡನೆ ಮಲಗುವ ರೂಢಿ ಇವೆಲ್ಲ ತೊಂದರೆಯನ್ನು ಹೆಚ್ಚಿಸುತ್ತವೆ. ಜಠರದ ಮೇಲ್ಭಾಗ ವಪೆಯ ಕಂಡಿಯಿಂದ ಎದೆಗೂಡಿಗೆ ಸರಿದಿರುವ ಹಯಾಟಸ್ ಹರ್ನಿಯಾ ಇದ್ದವರಲ್ಲಿ ಉರಿ ಬೇಗ ಬಿಡುವುದಿಲ್ಲ. ರಕ್ತದೊತ್ತಡಕ್ಕೆ ಕೊಡುವ ಆಮ್ಲೊಡಿಪಿನ್‌ನಂಥ ಕೆಲವು ಗುಳಿಗೆಗಳೂ ಈ ಸ್ನಾಯುವನ್ನು ಸಡಿಲಿಸಬಲ್ಲವು.

ಜಠರದ ಒಳಗೋಡೆಗೆ ಲೋಳೆಯ ಕಾವಲಿದೆ, ಅನ್ನನಾಳಕ್ಕೆ ಅಷ್ಟು ಗಟ್ಟಿ ಕಾವಲಿಲ್ಲ. ಆದ್ದರಿಂದ ಜಠರಕ್ಕೆ ಸಹಜವಾದ ಆಮ್ಲವೇ ಅನ್ನನಾಳವನ್ನು ಸುಡುತ್ತದೆ. ಬಹಳಷ್ಟು ರೋಗಿಗಳಲ್ಲಿ ಆಮ್ಲ ಹೆಚ್ಚಾಗಿ ಹುಟ್ಟುತ್ತಿರುವುದೇ ಇಲ್ಲ, ಇರಬಾರದ ಜಾಗಕ್ಕೆ ಹೋಗುತ್ತಿರುತ್ತದೆ. ಇದು ಔಷಧದ ಮಿತಿಯನ್ನೂ ತಿಳಿಸುತ್ತದೆ: ಆಮ್ಲ ಕಡಿಮೆ ಮಾಡುವ ಗುಳಿಗೆ ಉರಿಯನ್ನು ಆರಿಸುತ್ತದೆಯೇ ಹೊರತು ಸಡಿಲವಾದ ಸ್ನಾಯುವನ್ನು ಬಿಗಿ ಮಾಡುವುದಿಲ್ಲ. ಭಾರತೀಯ ಜಠರಕರುಳು ತಜ್ಞರ ಸಂಘದ ಕಾರ್ಯಪಡೆ ದೇಶದ ಹಲವು ಕೇಂದ್ರಗಳಲ್ಲಿ ನಡೆಸಿ 2011ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಶೇ. 7.6ರಷ್ಟು ಜನರಲ್ಲಿ ಈ ಕಾಯಿಲೆ ಕಂಡುಬಂದಿತ್ತು.

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಸೀಮೆಯ ದವಾಖಾನೆಗಳಲ್ಲಿ ‘ಎದಿ ಉರಿ’, ‘ಪಿತ್ತ ಆಗೇದ’, ‘ಗ್ಯಾಸ್ ಆಗೇದ’, ‘ಹುಳಿ ತೇಗು ಬರ್ತಾವ’ ಎಂಬ ಮಾತುಗಳು ದಿನವೂ ಕೇಳಿಬರುತ್ತವೆ. ಒಬ್ಬರು ಗ್ಯಾಸ್ ಎಂದಾಗ ಅದು ಹೊಟ್ಟೆಯುಬ್ಬರ ಆಗಿರಬಹುದು, ಇನ್ನೊಬ್ಬರಿಗೆ ಎದೆಯುರಿ, ಮತ್ತೊಬ್ಬರಿಗೆ ಎದೆ ಹಿಡಿದುಕೊಂಡ ನೋವು. ಉರಿ ಎಲ್ಲಿ ಶುರುವಾಗಿ ಎತ್ತ ಹೋಗುತ್ತದೆ, ಉಂಡ ಮೇಲೋ ನಡೆದಾಗಲೋ, ಬಗ್ಗಿದರೆ ಮಲಗಿದರೆ ಹೆಚ್ಚುತ್ತದೆಯೋ ಎಂದು ಕೇಳಿ ತಿಳಿದ ಮೇಲೆಯೇ ಮದ್ದು ಗೊತ್ತಾಗಬೇಕು.

ಖಾರ ಮತ್ತು ಆಮ್ಲ

ಮೆಣಸಿನಕಾಯಿಯ ಸೀಮೆಯಲ್ಲಿ ಎದೆಯುರಿಯ ತಪ್ಪೆಲ್ಲ ಖಾರದ ತಲೆಗೆ ಬರುತ್ತದೆ. ಇದು ಪೂರ್ತಿ ನಿಜವಲ್ಲ. ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ಆಮ್ಲವಲ್ಲ. ಅದು ನರದ ತುದಿಯಲ್ಲಿರುವ ಟಿಆರ್‌ಪಿವಿ1 ಎಂಬ ಗ್ರಾಹಿಯನ್ನು ಕೆರಳಿಸುತ್ತದೆ. ಸುಡುವ ಬಿಸಿಯನ್ನೂ ಆಮ್ಲವನ್ನೂ ಗುರುತಿಸುವುದು ಇದೇ ಗ್ರಾಹಿ. 1997ರಲ್ಲಿ ಇದನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ 2021ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ಅನ್ನನಾಳದ ಗೋಡೆಯಲ್ಲಿಯೂ ಈ ಗ್ರಾಹಿ ಇರುವುದರಿಂದ, ಮೊದಲೇ ಆಮ್ಲದಿಂದ ಕೆಂಪೇರಿದ ಅನ್ನನಾಳಕ್ಕೆ ಖಾರ ತಾಗಿದರೆ ಉರಿ ಇಮ್ಮಡಿಯಾಗುತ್ತದೆ. ಆಂಟಾಸಿಡ್ ಕುಡಿದರೂ ಖಾರದ ಉರಿ ಪೂರ್ತಿ ತಣಿಯದಿರುವುದಕ್ಕೆ ಇದೇ ಕಾರಣ: ಅದು ಆಮ್ಲವನ್ನು ತಟಸ್ಥ ಮಾಡಬಲ್ಲದು, ಕ್ಯಾಪ್ಸೈಸಿನ್ನನ್ನು ಮಾಡಲಾರದು.

2011ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿ ಮೆಣಸಿನಕಾಯಿಗೆ ಹೆಸರು ಬಂದಿರುವುದು ಕಡುಗೆಂಪು ಬಣ್ಣದಿಂದ. ಡಬ್ಬಿ, ಕಡ್ಡಿ ಎಂಬ ಅದರ ಎರಡು ಬಗೆಗಳಲ್ಲೂ ಖಾರ ಗುಂಟೂರು ಕಾಯಿಗಿಂತ ಬಹಳ ಕಡಿಮೆ. ಊಟದಲ್ಲಿ ಕೆಂಪು ಎದ್ದು ಕಂಡ ಮಾತ್ರಕ್ಕೆ ಉರಿ ಅದರಿಂದಲೇ ಬಂತು ಎನ್ನುವಂತಿಲ್ಲ. ಸಂಜೆಯ ಮೆಣಸಿನಕಾಯಿ ಬಜಿಯಲ್ಲಿ ಖಾರದಷ್ಟೇ ಕೆಲಸ ಮಾಡುವುದು ಎಣ್ಣೆ. ಜಿಡ್ಡು ಹೊಟ್ಟೆ ಬರಿದಾಗುವುದನ್ನು ತಡಮಾಡಿ ಸ್ನಾಯುವನ್ನು ಸಡಿಲಿಸುತ್ತದೆ. ಬೆಳಗಿನ ಬರಿ ಹೊಟ್ಟೆಯ ಚಹಾ, ತಂಬಾಕು, ರಾತ್ರಿ ಹತ್ತಕ್ಕೆ ಉಂಡು ತಕ್ಷಣ ಮಲಗುವುದು ಇವುಗಳ ಪಾಲೂ ದೊಡ್ಡದು. ಯಾವುದು ತನಗೆ ಒಗ್ಗುವುದಿಲ್ಲವೆಂದು ಒಂದೆರಡು ವಾರ ಗಮನಿಸಿ ಅದನ್ನಷ್ಟೇ ಬಿಡುವುದು, ರೊಟ್ಟಿಯ ಜೊತೆಗಿನ ಕೆಂಪು ಚಟ್ನಿಯನ್ನು ಎಲ್ಲರಿಗೂ ನಿಷೇಧಿಸುವುದಕ್ಕಿಂತ ಹೆಚ್ಚು ಫಲ ಕೊಡುತ್ತದೆ.

ಇತಿಹಾಸ

ಜಠರದಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲ ಎಂದು ಇಂಗ್ಲೆಂಡಿನ ವಿಲಿಯಂ ಪ್ರೌಟ್ 1824ರಲ್ಲಿ ಪ್ರಕಟಿಸಿದ. ಅದಕ್ಕೂ ಬಹಳ ಮೊದಲೇ ಸುಣ್ಣದ ಅಂಶವಿರುವ ಚಿಪ್ಪು, ಹವಳ, ಸೀಮೆಸುಣ್ಣಗಳನ್ನು ಹೊಟ್ಟೆಯುರಿಗೆ ಕೊಡುವ ರೂಢಿ ಹಲವು ನಾಡುಗಳಲ್ಲಿತ್ತು. 19ನೆಯ ಶತಮಾನದಲ್ಲಿ ಐರ್ಲೆಂಡಿನ ವೈದ್ಯ ಜೇಮ್ಸ್ ಮರ‍್ರೆ ಮೆಗ್ನೀಸಿಯದ ದ್ರವವನ್ನೂ, ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ಜೇಮ್ಸ್ ಕ್ರಾಸ್ಲಿ ಈನೋ ನೊರೆಯುಕ್ಕುವ ಹಣ್ಣುಪ್ಪನ್ನೂ ರೂಢಿಗೆ ತಂದರು. ಅನ್ನನಾಳದ ಹುಣ್ಣಿಗೆ ಜಠರದ ಆಮ್ಲವೇ ಕಾರಣವಿರಬೇಕೆಂದು ನ್ಯೂಯಾರ್ಕಿನ ಆಷರ್ ವಿಂಕಲ್‌ಸ್ಟೀನ್ 1935ರಲ್ಲಿ ಸೂಚಿಸಿದ ಮೇಲೆ ಈ ಕಾಯಿಲೆಗೆ ಪ್ರತ್ಯೇಕ ಗುರುತು ಸಿಕ್ಕಿತು.

ದೊಡ್ಡ ತಿರುವು ಬಂದದ್ದು 1976ರಲ್ಲಿ. ಸ್ಕಾಟ್ಲೆಂಡಿನ ಜೇಮ್ಸ್ ಬ್ಲ್ಯಾಕ್ ಮತ್ತು ಸಂಗಡಿಗರು ರೂಪಿಸಿದ, ಆಮ್ಲದ ಉತ್ಪತ್ತಿಯನ್ನೇ ತಗ್ಗಿಸುವ ಸಿಮೆಟಿಡಿನ್ ಬ್ರಿಟನ್ನಿನ ಮಾರುಕಟ್ಟೆಗೆ ಬಂತು. ಹುಣ್ಣಿಗೆ ಹೊಟ್ಟೆ ಕೊಯ್ಯುವ ಶಸ್ತ್ರಚಿಕಿತ್ಸೆ ಅಲ್ಲಿಂದ ಮುಂದೆ ಇಳಿಮುಖವಾಯಿತು. ಬ್ಲ್ಯಾಕ್ 1988ರ ನೊಬೆಲ್ ಪ್ರಶಸ್ತಿ ಪಡೆದರು. ಅದೇ ವರ್ಷ ಸ್ವೀಡನ್ನಿನ ಆಸ್ಟ್ರಾ ಕಂಪನಿಯ ಒಮೆಪ್ರಝೋಲ್ ಬಿಡುಗಡೆಯಾಗಿ ಆಮ್ಲ ತಡೆಯುವ ಮದ್ದುಗಳ ಎರಡನೆಯ ಯುಗ ತೆರೆಯಿತು. ಜಠರದ ಹುಣ್ಣಿಗೆ ಹೆಲಿಕೊಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯಾ ಮುಖ್ಯ ಕಾರಣವೆಂದು ಆಸ್ಟ್ರೇಲಿಯದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್ ತೋರಿಸಿಕೊಟ್ಟು 2005ರಲ್ಲಿ ನೊಬೆಲ್ ಪಡೆದರು. ಹುಣ್ಣಿಗೆ ಆಂಟಿಬಯಾಟಿಕ್ ಸೇರಿದ ಚಿಕಿತ್ಸೆ ಬೇಕು, ಬರೀ ಎದೆಯುರಿಗೆ ಬೇಡ ಎಂಬ ವ್ಯತ್ಯಾಸ ಅವರ ಶೋಧದಿಂದ ಸ್ಪಷ್ಟವಾಯಿತು.

ಆಂಟಾಸಿಡ್‌ಗಳು

ಇವು ಕ್ಷಾರಗುಣದ ಲವಣಗಳು. ಜಠರದಲ್ಲಿರುವ ಆಮ್ಲದೊಡನೆ ನೇರವಾಗಿ ಬೆರೆತು ಅದನ್ನು ತಟಸ್ಥ ಮಾಡುತ್ತವೆ. ಸೋಡಿಯಂ ಬೈಕಾರ್ಬನೇಟ್, ಕ್ಯಾಲ್ಸಿಯಂ ಕಾರ್ಬನೇಟ್, ಮೆಗ್ನೀಸಿಯಂ ಹೈಡ್ರಾಕ್ಸೈಡ್, ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಈ ನಾಲ್ಕೇ ಬಹುಪಾಲು ಸರಕುಗಳ ಜೀವಾಳ. ನಮ್ಮ ಅಂಗಡಿಗಳ ಡೈಜೀನ್, ಜೆಲುಸಿಲ್‌ಗಳಲ್ಲಿ ಅಲ್ಯೂಮಿನಿಯಂ ಮತ್ತು ಮೆಗ್ನೀಸಿಯಂ ಎರಡೂ ಇರುತ್ತವೆ. ಮೊದಲನೆಯದು ಮಲ ಕಟ್ಟುತ್ತದೆ, ಎರಡನೆಯದು ಸಡಿಲಿಸುತ್ತದೆ, ಕೂಡಿದಾಗ ಸಮತೋಲ ಬರುತ್ತದೆ. ಜೊತೆಗಿರುವ ಸಿಮೆಥಿಕೋನ್ ಆಮ್ಲದ ಗೊಡವೆಗೆ ಹೋಗದೆ ಗಾಳಿಯ ಗುಳ್ಳೆಗಳನ್ನಷ್ಟೇ ಒಡೆಯುತ್ತದೆ. ಮ್ಯೂಕೇನ್ ಜೆಲ್‌ನಲ್ಲಿ ಇವುಗಳೊಡನೆ ಆಕ್ಸೆಟಕೇನ್ ಎಂಬ ಮರಗಟ್ಟಿಸುವ ಮದ್ದೂ ಇದೆ.

ಈನೋ ಪೊಟ್ಟಣವೊಂದನ್ನು ನೀರಿಗೆ ಸುರಿದಾಗ ಏನಾಗುತ್ತದೆ ಎಂದು ನೋಡಿದರೆ ಈ ಗುಂಪಿನ ಸ್ವಭಾವ ತಿಳಿಯುತ್ತದೆ. ಸೋಡಾ ಮತ್ತು ಸಿಟ್ರಿಕ್ ಆಮ್ಲ ಲೋಟದಲ್ಲೇ ಕೂಡಿ ನೊರೆಯುಕ್ಕುತ್ತವೆ, ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಕುಡಿದ ಕೆಲವೇ ನಿಮಿಷಕ್ಕೆ ದೊಡ್ಡ ತೇಗು ಬಂದು ಹಗುರಾದಂತೆ ಆಗುವುದಕ್ಕೆ ಈ ಅನಿಲದ ಪಾಲೂ ಇದೆ. ಆದರೆ ಐದು ಗ್ರಾಂ ಪೊಟ್ಟಣವೊಂದರಲ್ಲಿ ಮುಕ್ಕಾಲು ಗ್ರಾಂಗೂ ಹೆಚ್ಚು ಸೋಡಿಯಂ ಇರುತ್ತದೆ. ಮನೆಯಲ್ಲಿ ಅಡುಗೆ ಸೋಡಾ ಕದಡಿ ಕುಡಿಯುವವರು ಒಂದು ಟೀ ಚಮಚದಲ್ಲಿ ಸುಮಾರು 1,200 ಮಿಲಿಗ್ರಾಂ ಸೋಡಿಯಂ ನುಂಗುತ್ತಾರೆ. ದೊಡ್ಡವರಿಗೆ ದಿನಕ್ಕೆ 2,000 ಮಿಲಿಗ್ರಾಂ ದಾಟಬಾರದೆನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ರಕ್ತದೊತ್ತಡ, ಹೃದಯದ ದೌರ್ಬಲ್ಯ, ಮೂತ್ರಪಿಂಡದ ಕಾಯಿಲೆ ಇದ್ದವರಿಗೆ ದಿನವೂ ಸೋಡಾ ಕುಡಿಯುವ ರೂಢಿ ಅಪಾಯಕಾರಿ. ಮೂತ್ರಪಿಂಡ ಸೋತವರಲ್ಲಿ ಮೆಗ್ನೀಸಿಯಂ, ಅಲ್ಯೂಮಿನಿಯಂಗಳೂ ದೇಹದಲ್ಲಿ ಉಳಿದುಬಿಡುತ್ತವೆ.

ಬರಿ ಹೊಟ್ಟೆಯಲ್ಲಿ ಆಂಟಾಸಿಡ್ ಅರ್ಧ ಗಂಟೆ ನಿಂತರೆ ಹೆಚ್ಚು. ಊಟವಾದ ಒಂದು ಗಂಟೆಗೆ ಕುಡಿದರೆ ಎರಡು ಮೂರು ಗಂಟೆ ಕೆಲಸ ಮಾಡುತ್ತದೆ. ಕಬ್ಬಿಣದ ಗುಳಿಗೆ, ಟೆಟ್ರಾಸೈಕ್ಲಿನ್, ಸಿಪ್ರೊಫ್ಲಾಕ್ಸಸಿನ್‌ಗಳನ್ನು ಇದು ಹಿಡಿದಿಟ್ಟು ರಕ್ತಕ್ಕೆ ಸೇರಗೊಡುವುದಿಲ್ಲವಾದ್ದರಿಂದ ನಡುವೆ ಎರಡು ಗಂಟೆಯಾದರೂ ಅಂತರ ಬೇಕು. ಥೈರಾಯ್ಡ್ ಗುಳಿಗೆಗೆ ನಾಲ್ಕು ಗಂಟೆ ಬಿಡಬೇಕು.

ಆಲ್ಜಿನೇಟ್ ಮತ್ತು ಸುಕ್ರಾಲ್ಫೇಟ್

ಕಂದು ಕಡಲಕಳೆಯಿಂದ ತೆಗೆದ ಆಲ್ಜಿನೇಟ್ ಆಮ್ಲ ತಾಗಿದೊಡನೆ ಲೋಳೆಯಾಗಿ ಗಟ್ಟಿಗೊಂಡು, ಉಂಡ ಅನ್ನದ ಮೇಲೆ ತೆಪ್ಪದಂತೆ ತೇಲುತ್ತದೆ. ಜೊತೆಗಿರುವ ಬೈಕಾರ್ಬನೇಟಿನಿಂದ ಹುಟ್ಟಿದ ಅನಿಲ ಅದನ್ನು ಮೇಲಕ್ಕೆ ಎತ್ತಿ ಹಿಡಿಯುತ್ತದೆ. ಮೇಲೇರುವ ಆಮ್ಲಕ್ಕೆ ಈ ಪದರ ಅಡ್ಡವಾಗುತ್ತದೆ. ಊಟದ ನಂತರ ಮತ್ತು ಮಲಗುವ ಮುನ್ನ ತೆಗೆದುಕೊಂಡರೆ ಸುಮಾರು ನಾಲ್ಕು ಗಂಟೆ ಬಾಳುತ್ತದೆ. ರಕ್ತಕ್ಕೆ ಹೆಚ್ಚು ಸೇರದ ಕಾರಣ ಬಸುರಿಯರ ಎದೆಯುರಿಗೆ ಇದು ಮೊದಲ ಆಯ್ಕೆಗಳಲ್ಲಿ ಒಂದು. ಗ್ಯಾವಿಸ್ಕಾನ್ ಈ ಗುಂಪಿನ ಹೆಸರಾದ ಸರಕು.

ಜಪಾನಿನಲ್ಲಿ 1968ರಲ್ಲಿ ಬಳಕೆಗೆ ಬಂದ ಸುಕ್ರಾಲ್ಫೇಟ್ ಸಕ್ಕರೆಯ ಸಲ್ಫೇಟ್ ಮತ್ತು ಅಲ್ಯೂಮಿನಿಯಂ ಸೇರಿದ ಲವಣ. ಹುಣ್ಣಿನ ಮೇಲೆ ಅಂಟಿನಂತೆ ಕೂತು ಆಮ್ಲ ತಾಗದಂತೆ ಕಾಯುತ್ತದೆ. ಅದನ್ನು ಊಟಕ್ಕೆ ಒಂದು ಗಂಟೆ ಮೊದಲು, ಬೇರೆ ಔಷಧಗಳಿಂದ ದೂರವಿಟ್ಟು ಸೇವಿಸಬೇಕು.

ಎಚ್2 ತಡೆಮದ್ದುಗಳು

ಜಠರದ ಗೋಡೆಯ ಪರೈಟಲ್ ಕೋಶಗಳಿಗೆ ಆಮ್ಲ ಸುರಿಸುವ ಆದೇಶ ಮೂರು ದಾರಿಯಲ್ಲಿ ಬರುತ್ತದೆ: ಹಿಸ್ಟಮಿನ್, ಅಸಿಟೈಲ್‌ಕೋಲಿನ್, ಗ್ಯಾಸ್ಟ್ರಿನ್. ಎಚ್2 ತಡೆಮದ್ದುಗಳು ಹಿಸ್ಟಮಿನ್‌ನ ಬಾಗಿಲನ್ನಷ್ಟೇ ಮುಚ್ಚುತ್ತವೆ. ಅರ್ಧದಿಂದ ಒಂದು ಗಂಟೆಯೊಳಗೆ ಕೆಲಸ ಶುರುವಾಗಿ ಹತ್ತು ಹನ್ನೆರಡು ಗಂಟೆ ನಿಲ್ಲುತ್ತದೆ. ರಾತ್ರಿಯ ಉರಿಗೆ ಇವು ಒಳ್ಳೆಯವು. ಆದರೆ ದಿನವೂ ನುಂಗಿದರೆ ಒಂದೆರಡು ವಾರಗಳಲ್ಲೇ ದೇಹ ಒಗ್ಗಿಕೊಂಡು ಪರಿಣಾಮ ಇಳಿಯುತ್ತದೆ.

1981ರಲ್ಲಿ ಬಂದ ರ‍್ಯಾನಿಟಿಡಿನ್ ಭಾರತದಲ್ಲಿ ಝಿನೆಟ್ಯಾಕ್, ರ‍್ಯಾಂಟ್ಯಾಕ್, ಅಸಿಲಾಕ್ ಹೆಸರುಗಳಲ್ಲಿ ಹಳ್ಳಿಹಳ್ಳಿಗೂ ಮುಟ್ಟಿತು. ಚುಚ್ಚುಮದ್ದಿನ ಜೊತೆ ‘ಗ್ಯಾಸಿನ ಇಂಜೆಕ್ಷನ್’ ಆಗಿಯೂ ಅದನ್ನು ಕೊಡುವುದು ರೂಢಿಯಾಗಿತ್ತು. 2019ರ ಸೆಪ್ಟೆಂಬರಿನಲ್ಲಿ ಕೆಲವು ತಯಾರಿಕೆಗಳಲ್ಲಿ ಎನ್‌ಡಿಎಂಎ ಎಂಬ ಕ್ಯಾನ್ಸರ್‌ಕಾರಕವೆಂದು ಶಂಕಿಸಲಾದ ಕಲ್ಮಶ ಪತ್ತೆಯಾಯಿತು. ಶೇಖರಿಸಿಟ್ಟಷ್ಟೂ, ಬಿಸಿಯೇರಿದಷ್ಟೂ ಅದು ಹೆಚ್ಚುತ್ತದೆಂದು ತಿಳಿದ ಮೇಲೆ ಅಮೆರಿಕದ ಔಷಧ ಆಡಳಿತ 2020ರ ಏಪ್ರಿಲ್ 1ರಂದು ರ‍್ಯಾನಿಟಿಡಿನ್ ಅನ್ನು ಮಾರುಕಟ್ಟೆಯಿಂದ ತೆಗೆಯಲು ಹೇಳಿತು. ಭಾರತ 2022ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಿಂದ ಅದನ್ನು ಕೈಬಿಟ್ಟಿತು. ಈ ಗುಂಪಿನಲ್ಲಿ ಅದರ ಜಾಗ ತುಂಬುವುದು ಫ್ಯಾಮೊಟಿಡಿನ್.

ಪ್ರೋಟಾನ್ ಪಂಪ್ ತಡೆಮದ್ದುಗಳು

ಮೂರು ದಾರಿಗಳಲ್ಲಿ ಆದೇಶ ಎಲ್ಲಿಂದ ಬಂದರೂ ಕೊನೆಗೆ ಆಮ್ಲವನ್ನು ಹೊರಹಾಕುವುದು ಪರೈಟಲ್ ಕೋಶದ ಪ್ರೋಟಾನ್ ಪಂಪ್. ಅದನ್ನೇ ನಿಲ್ಲಿಸುವುದರಿಂದ ಈ ಗುಂಪು ಎಚ್2 ತಡೆಗಳಿಗಿಂತ ಬಲಶಾಲಿ. ಅನ್ನನಾಳದ ಹುಣ್ಣು ಎಂಟು ವಾರದ ಚಿಕಿತ್ಸೆಯಲ್ಲಿ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಜನರಿಗೆ ಮಾಯುತ್ತದೆ. ಒಮೆಪ್ರಝೋಲ್, ಲ್ಯಾನ್ಸೊಪ್ರಝೋಲ್, ಪ್ಯಾಂಟೊಪ್ರಝೋಲ್, ರ‍್ಯಾಬೆಪ್ರಝೋಲ್, ಎಸೊಮೆಪ್ರಝೋಲ್ ಇದರ ಮುಖ್ಯ ಸದಸ್ಯರು. ಓಮೆಜ್, ಪ್ಯಾನ್, ಪ್ಯಾಂಟೋಸಿಡ್, ರೇಝೋ, ನೆಕ್ಸ್‌ಪ್ರೋ ಇವು ಚೀಟಿಗಳಲ್ಲಿ ಮತ್ತೆ ಮತ್ತೆ ಕಾಣುವ ಹೆಸರುಗಳು. ಸಮ ಪ್ರಮಾಣದಲ್ಲಿ ಕೊಟ್ಟಾಗ ಇವುಗಳ ನಡುವಿನ ವ್ಯತ್ಯಾಸ ಚಿಕ್ಕದು. ಜನೌಷಧಿ ಕೇಂದ್ರದ ಅಗ್ಗದ ಪ್ಯಾಂಟೊಪ್ರಝೋಲ್ ಕೂಡ ಅದೇ ಕೆಲಸ ಮಾಡುತ್ತದೆ.

ಪ್ಯಾಂಟೊಪ್ರಝೋಲ್ ಗುಳಿಗೆಯ ಪಯಣ ತಿಳಿದರೆ ಅದನ್ನು ಯಾವಾಗ ನುಂಗಬೇಕೆಂಬುದು ತಾನಾಗಿ ಅರ್ಥವಾಗುತ್ತದೆ. ಗುಳಿಗೆಯ ಮೇಲಿನ ಲೇಪ ಜಠರದ ಆಮ್ಲದಲ್ಲಿ ಕರಗುವುದಿಲ್ಲ. ಕರುಳಿಗೆ ಇಳಿದ ಮೇಲೆ ಕರಗಿ, ಮದ್ದು ರಕ್ತಕ್ಕೆ ಸೇರಿ, ರಕ್ತದ ಮೂಲಕ ಮತ್ತೆ ಜಠರದ ಕೋಶಗಳಿಗೆ ಹಿಂದಿರುಗುತ್ತದೆ. ಅಲ್ಲಿ ಆಮ್ಲ ಸುರಿಸುತ್ತಿರುವ ಪಂಪಿನ ಬಳಿ ಮಾತ್ರ ಅದು ಸಕ್ರಿಯ ರೂಪ ತಾಳಿ ಪಂಪಿಗೆ ಶಾಶ್ವತವಾಗಿ ಅಂಟಿಕೊಳ್ಳುತ್ತದೆ. ನಿದ್ದೆಯಲ್ಲಿರುವ ಪಂಪು ಅದಕ್ಕೆ ಸಿಗುವುದಿಲ್ಲ. ಪಂಪುಗಳು ಹೆಚ್ಚಿನ ಸಂಖ್ಯೆಯಲ್ಲಿ ಎಚ್ಚರಗೊಳ್ಳುವುದು ಊಟದ ಹೊತ್ತಿಗೆ, ಮದ್ದು ರಕ್ತದಲ್ಲಿರುವುದು ಕೆಲವೇ ಗಂಟೆ. ಆದ್ದರಿಂದ ಬೆಳಗಿನ ಉಪಾಹಾರಕ್ಕೆ 30ರಿಂದ 60 ನಿಮಿಷ ಮೊದಲು ನುಂಗಬೇಕು. ಉಂಡ ಮೇಲೆ, ಮಲಗುವಾಗ, ಉರಿ ಎದ್ದಾಗ ಒಂದೊಂದು ನುಂಗುವವರು ಮದ್ದಿನ ಬಲದ ದೊಡ್ಡ ಪಾಲನ್ನು ಕಳೆದುಕೊಳ್ಳುತ್ತಾರೆ. ಗುಳಿಗೆಯನ್ನು ಜಜ್ಜಿದರೆ ಲೇಪ ಹೋಗಿ ಮದ್ದು ಜಠರದಲ್ಲೇ ಹಾಳಾಗುತ್ತದೆ. ಪೂರ್ತಿ ಪರಿಣಾಮ ಕಾಣಲು ಮೂರು ನಾಲ್ಕು ದಿನ ಬೇಕು. ಮೊದಲ ದಿನವೇ ಉರಿ ನಿಲ್ಲಲಿಲ್ಲವೆಂದು ಬೇರೆ ಹೆಸರಿನ ಗುಳಿಗೆ ಕೇಳುವುದರಲ್ಲಿ ಅರ್ಥವಿಲ್ಲ.

ದೀರ್ಘಕಾಲದ ಬಳಕೆಯಲ್ಲಿ ಬಿ12 ಜೀವಸತ್ವ ಮತ್ತು ಮೆಗ್ನೀಸಿಯಂ ಕುಸಿತ, ಕರುಳಿನ ಸೋಂಕು, ಅಪರೂಪಕ್ಕೆ ಮೂತ್ರಪಿಂಡದ ಉರಿಯೂತ ಇವು ತಿಳಿದಿರುವ ತೊಂದರೆಗಳು. ಮೂಳೆ ಮುರಿತ, ಮರೆವಿನ ಕಾಯಿಲೆಗಳ ಜೊತೆಗೂ ಹೆಸರು ತಳುಕು ಹಾಕಿಕೊಂಡಿದೆ. ಆದರೆ ಅಂಥ ಅಧ್ಯಯನಗಳು ಹೆಚ್ಚಾಗಿ ಹಳೆಯ ದಾಖಲೆಗಳನ್ನು ಹೋಲಿಸಿದಂಥವು. 17,598 ಜನರನ್ನು ಸುಮಾರು ಮೂರು ವರ್ಷ ಗಮನಿಸಿ 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಪ್ಯಾಂಟೊಪ್ರಝೋಲ್ ತೆಗೆದುಕೊಂಡವರಲ್ಲಿ ಸ್ಪಷ್ಟವಾಗಿ ಹೆಚ್ಚಿದ್ದು ಕರುಳಿನ ಸೋಂಕು ಮಾತ್ರ. ಅಗತ್ಯವಿದ್ದವರು ಹೆದರಿ ಬಿಡಬೇಕಾಗಿಲ್ಲ, ಅಗತ್ಯವಿಲ್ಲದವರು ನಂಬಿ ಮುಂದುವರಿಸಬೇಕಾಗಿಲ್ಲ. ಹೃದಯಕ್ಕೆ ಕ್ಲೊಪಿಡೊಗ್ರೆಲ್ ನುಂಗುವವರು ಒಮೆಪ್ರಝೋಲ್, ಎಸೊಮೆಪ್ರಝೋಲ್ ಬಿಟ್ಟು ಬೇರೆಯದನ್ನು ವೈದ್ಯರಿಂದ ಕೇಳಿ ಪಡೆಯಬೇಕು.

ಪೊಟ್ಯಾಸಿಯಂ ಪೈಪೋಟಿಯ ತಡೆಮದ್ದುಗಳು

ಜಪಾನಿನಲ್ಲಿ 2014ರಲ್ಲಿ ಒಪ್ಪಿಗೆ ಪಡೆದ ವೊನೊಪ್ರಝಾನ್ ಈ ಹೊಸ ಗುಂಪಿನ ಮುಂದಾಳು. ಪಂಪು ಆಮ್ಲವನ್ನು ಹೊರಹಾಕುವಾಗ ಪೊಟ್ಯಾಸಿಯಂ ಒಳಗೆ ಎಳೆದುಕೊಳ್ಳುತ್ತದೆ, ಆ ಪೊಟ್ಯಾಸಿಯಂ ಕೂರುವ ಜಾಗವನ್ನು ಈ ಮದ್ದು ಆಕ್ರಮಿಸುತ್ತದೆ. ಊಟದ ವೇಳೆಯ ಕಟ್ಟುಪಾಡಿಲ್ಲ, ಮೊದಲ ದಿನದಿಂದಲೇ ಬಲವಾಗಿ ಕೆಲಸ ಮಾಡುತ್ತದೆ. ಹೆಚ್ಚು ಹಾನಿಯಾದ ಅನ್ನನಾಳಕ್ಕೆ ಇದು ಉಪಯುಕ್ತ. ಭಾರತಕ್ಕೂ ಬಂದಿದೆ. ಬೆಲೆ ಹೆಚ್ಚು, ದೀರ್ಘಕಾಲದ ಅನುಭವ ಕಡಿಮೆ ಆಗಿರುವುದರಿಂದ ಸಾಮಾನ್ಯ ಎದೆಯುರಿಗೆ ಇದರಿಂದ ಆರಂಭಿಸುವ ಅಗತ್ಯವಿಲ್ಲ.

ಒಂದು ನೋಟದಲ್ಲಿ

| ಗುಂಪು | ಕೆಲಸ ಶುರು | ನಿಲ್ಲುವ ಹೊತ್ತು | ಸೇವಿಸುವ ವೇಳೆ |
|---|---|---|---|
| ಆಂಟಾಸಿಡ್ | ಕೆಲವು ನಿಮಿಷ | ಅರ್ಧದಿಂದ 3 ಗಂಟೆ | ಊಟದ ನಂತರ, ಉರಿ ಎದ್ದಾಗ |
| ಆಲ್ಜಿನೇಟ್ | ಕೆಲವು ನಿಮಿಷ | ಸುಮಾರು 4 ಗಂಟೆ | ಊಟದ ನಂತರ, ಮಲಗುವ ಮುನ್ನ |
| ಎಚ್2 ತಡೆ | ಅರ್ಧದಿಂದ 1 ಗಂಟೆ | 10ರಿಂದ 12 ಗಂಟೆ | ರಾತ್ರಿ, ಇಲ್ಲವೇ ಬೇಕಾದಾಗ |
| ಪ್ರೋಟಾನ್ ಪಂಪ್ ತಡೆ | ಪೂರ್ತಿ ಬಲಕ್ಕೆ 3ರಿಂದ 4 ದಿನ | ಒಂದು ದಿನ | ಉಪಾಹಾರಕ್ಕೆ 30ರಿಂದ 60 ನಿಮಿಷ ಮೊದಲು |
| ವೊನೊಪ್ರಝಾನ್ | ಮೊದಲ ದಿನವೇ | ಒಂದು ದಿನ | ಯಾವಾಗಲಾದರೂ |

ಜೋಡಿ ಗುಳಿಗೆಗಳು

ಪ್ಯಾನ್-ಡಿ ಎಂಬ ಕ್ಯಾಪ್ಸೂಲು ನಮ್ಮಲ್ಲಿ ಮನೆಮಾತು. ಅದರಲ್ಲಿ 40 ಮಿಲಿಗ್ರಾಂ ಪ್ಯಾಂಟೊಪ್ರಝೋಲ್ ಜೊತೆಗೆ ನಿಧಾನವಾಗಿ ಬಿಡುಗಡೆಯಾಗುವ 30 ಮಿಲಿಗ್ರಾಂ ಡಾಂಪೆರಿಡೋನ್ ಇದೆ. ಡಾಂಪೆರಿಡೋನ್ ವಾಂತಿ ತಡೆಯುವ, ಜಠರವನ್ನು ಬೇಗ ಬರಿದು ಮಾಡುವ ಮದ್ದು. ಅದು ಹೃದಯದ ಬಡಿತದ ಲಯವನ್ನು ಕೆಡಿಸಬಲ್ಲದಾದ್ದರಿಂದ ಯುರೋಪಿನ ಔಷಧ ಸಂಸ್ಥೆ 2014ರಲ್ಲಿ ಅದನ್ನು ವಾಕರಿಕೆ, ವಾಂತಿಗೆ ಮಾತ್ರ, ಸಾಮಾನ್ಯವಾಗಿ ಒಂದು ವಾರ ಮೀರದಂತೆ ಸೀಮಿತಗೊಳಿಸಿತು. ಇದೇ ಜಾತಿಯ ಸಿಸಾಪ್ರೈಡ್ ಹೃದಯದ ತೊಂದರೆಯಿಂದಲೇ ಅಮೆರಿಕದಲ್ಲಿ 2000ದಲ್ಲಿ ಹಿಂತೆಗೆಯಲ್ಪಟ್ಟು, ಭಾರತದಲ್ಲಿ 2011ರಲ್ಲಿ ನಿಷೇಧಗೊಂಡಿತು. ರ‍್ಯಾಬೆಪ್ರಝೋಲ್ ಜೊತೆ ಬರುವ ಲೆವೊಸಲ್ಪಿರೈಡ್ ವಯಸ್ಸಾದವರಲ್ಲಿ ಕೈನಡುಕ, ಮೈ ಬಿಗಿತ ತರುತ್ತದೆ. ಎಷ್ಟೋ ಬಾರಿ ಅದನ್ನು ಪಾರ್ಕಿನ್‌ಸನ್ ಕಾಯಿಲೆ ಎಂದೇ ತಿಳಿಯಲಾಗುತ್ತದೆ. ವಾಂತಿಯಿಲ್ಲದ ಬರೀ ಎದೆಯುರಿಗೆ ಜೋಡಿ ಗುಳಿಗೆ ಬೇಕಾಗುವುದು ಕಡಿಮೆ.

ಇಂಥ ಗುಳಿಗೆಗಳ ಪಟ್ಟಿಯ ಹಿಂಬದಿಯಲ್ಲಿ ಕೆಂಪು ಗೆರೆ ಇರುತ್ತದೆ. ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ ಎನ್ನುವುದಕ್ಕೆ ಅದು ಗುರುತು. ಪ್ರೋಟಾನ್ ಪಂಪ್ ತಡೆಗಳು ನಮ್ಮ ಕಾನೂನಿನಲ್ಲಿ ಎಚ್ ಅನುಸೂಚಿಯ ಔಷಧಗಳು. ಆದರೂ ಮೆಡಿಕಲ್ ಅಂಗಡಿಯಲ್ಲಿ ‘ಗ್ಯಾಸಿನ ಗುಳಗಿ ಕೊಡ್ರಿ’ ಎಂದರೆ ಸಾಕು, ಕೈಗೆ ಬರುತ್ತವೆ. ಹೊಲದ ಕೆಲಸದ ಮೈಕೈ ನೋವಿಗೆ ಡೈಕ್ಲೊಫಿನಾಕ್, ಅದರಿಂದ ಹೊಟ್ಟೆ ಉರಿದರೆ ಇನ್ನೊಂದು ಗುಳಿಗೆ ಎಂಬ ಸರಪಳಿ ಹೀಗೆ ಬೆಳೆಯುತ್ತದೆ. ನೋವಿನ ಗುಳಿಗೆ ನಿಜವಾಗಿ ಬೇಕಾದ ವಯಸ್ಸಾದವರಿಗೆ ಜೊತೆಗೆ ಪಂಪ್ ತಡೆ ಕೊಡುವುದು ಸರಿಯಾದ ಚಿಕಿತ್ಸೆ. ನೋವಿನ ಗುಳಿಗೆಯೇ ಬೇಡವಾದವರಿಗೆ ಎರಡೂ ಬೇಡ.

ಆಯುರ್ವೇದ ಮತ್ತು ಮನೆಮದ್ದು

ಆಯುರ್ವೇದ ಈ ತೊಂದರೆಯನ್ನು ಅಮ್ಲಪಿತ್ತವೆಂದು ಗುರುತಿಸುತ್ತದೆ. ಕಾಶ್ಯಪ ಸಂಹಿತೆ ಮತ್ತು ಮಾಧವನಿದಾನಗಳು ಅದಕ್ಕೆ ಪ್ರತ್ಯೇಕ ಅಧ್ಯಾಯ ಕೊಟ್ಟಿವೆ. ಮಾಧವನಿದಾನ ಅದನ್ನು ಮೇಲ್ಮುಖ, ಕೆಳಮುಖ ಎಂದು ಎರಡಾಗಿ ವಿಂಗಡಿಸುತ್ತದೆ. ಶಂಖಭಸ್ಮ, ಕಪರ್ದಿಕಾ ಭಸ್ಮಗಳು ಕ್ಯಾಲ್ಸಿಯಂ ಮೂಲದವು; ಆಮ್ಲವನ್ನು ತಟಸ್ಥ ಮಾಡುವ ಗುಣದಲ್ಲಿ ಆಂಟಾಸಿಡ್‌ಗಳ ಹಿರಿಯ ಬಂಧುಗಳು. ಅವಿಪತ್ತಿಕರ ಚೂರ್ಣದಲ್ಲಿ ಸಕ್ಕರೆಯದೇ ದೊಡ್ಡ ಪಾಲು, ಅದರ ನಂತರ ಭೇದಿ ಮಾಡಿಸುವ ತ್ರಿವೃತ್ ಬೇರು. ಮಧುಮೇಹಿಗಳೂ ಬಸುರಿಯರೂ ಕೇಳದೆ ತಿನ್ನಬಾರದು. ಯಷ್ಟಿಮಧುವಿನಿಂದ, ಎಂದರೆ ಜೇಷ್ಠಮಧುವಿನಿಂದ, 1960ರ ದಶಕದಲ್ಲಿ ಕಾರ್ಬೆನೊಕ್ಸೊಲೋನ್ ಎಂಬ ಹುಣ್ಣಿನ ಔಷಧ ಹುಟ್ಟಿತ್ತು. ಅದೇ ಬೇರು ಹೆಚ್ಚಾದರೆ ರಕ್ತದೊತ್ತಡ ಏರಿಸಿ ಪೊಟ್ಯಾಸಿಯಂ ಇಳಿಸುತ್ತದೆ.

ಅಜವಾನ, ಜೀರಿಗೆ ಕುದಿಸಿದ ನೀರು ಹೊಟ್ಟೆಯುಬ್ಬರಕ್ಕೆ ಹಿತ, ಆದರೆ ಆಮ್ಲವನ್ನು ತಗ್ಗಿಸುವುದಿಲ್ಲ. ತಣ್ಣನೆ ಹಾಲು ಕುಡಿದಾಗ ಉರಿ ಸ್ವಲ್ಪ ಹೊತ್ತು ತಣಿಯುತ್ತದೆ. ಅದರ ಪ್ರೋಟೀನ್, ಕ್ಯಾಲ್ಸಿಯಂಗಳೇ ಮುಂದೆ ಆಮ್ಲವನ್ನು ಪ್ರಚೋದಿಸುವುದರಿಂದ ರಾತ್ರಿ ಮಲಗುವ ಮುನ್ನ ದೊಡ್ಡ ಲೋಟ ಹಾಲು ಒಳ್ಳೆಯ ಮದ್ದಲ್ಲ. ಔಷಧವಿಲ್ಲದೆ ನಿಜವಾಗಿ ಫಲ ಕೊಡುವ ಕ್ರಮಗಳು ಬೇರೆ ಇವೆ: ಮೈತೂಕ ಇಳಿಸುವುದು, ಮಲಗುವುದಕ್ಕೆ ಮೂರು ಗಂಟೆ ಮೊದಲು ಊಟ ಮುಗಿಸುವುದು, ಮಂಚದ ತಲೆಗಡೆಯ ಕಾಲುಗಳ ಕೆಳಗೆ ಇಟ್ಟಿಗೆ ಕೊಟ್ಟು 15ರಿಂದ 20 ಸೆಂಟಿಮೀಟರ್ ಎತ್ತರಿಸುವುದು, ಎಡ ಮಗ್ಗುಲಿಗೆ ಮಲಗುವುದು, ತಂಬಾಕು ಬಿಡುವುದು. ದಿಂಬಿನ ಮೇಲೆ ದಿಂಬು ಇಟ್ಟರೆ ಹೊಟ್ಟೆ ಮಡಿಚಿಕೊಂಡು ಉರಿ ಹೆಚ್ಚುತ್ತದೆ.

ಎಚ್ಚರಿಕೆಗಳು

ಎದೆಯ ನಡುವೆ ಒತ್ತಿದಂತೆ, ಹಿಂಡಿದಂತೆ ಆಗಿ, ಎಡತೋಳು, ದವಡೆ, ಬೆನ್ನಿಗೆ ನೋವು ಹರಡಿ, ಬೆವರು, ಏದುಸಿರು ಕಾಣಿಸಿದರೆ ಅದು ಹೃದಯಾಘಾತ ಆಗಿರಬಹುದು. ಮಧುಮೇಹಿಗಳಲ್ಲಿ, ಮಹಿಳೆಯರಲ್ಲಿ, ವಯಸ್ಸಾದವರಲ್ಲಿ ಬರೀ ಎದೆಯುರಿ, ವಾಕರಿಕೆಯ ರೂಪದಲ್ಲೂ ಬರುತ್ತದೆ. ಸೋಡಾ ಕುಡಿದು ತೇಗು ಬಂದರೆ ಗ್ಯಾಸ್, ಇಲ್ಲದಿದ್ದರೆ ಹೃದಯ ಎಂಬ ಪರೀಕ್ಷೆ ಸುಳ್ಳು. ಹಾವೇರಿ ಸೀಮೆಯ ಅಗಡಿಯಂಥ ಹಳ್ಳಿಯಲ್ಲಿ ಇದ್ದವರು ಅರ್ಧ ಗಂಟೆ ಕಾದು ನೋಡುವ ಬದಲು 108ಕ್ಕೆ ಕರೆ ಮಾಡಿ ಇಸಿಜಿ ಇರುವ ಹತ್ತಿರದ ಸರ್ಕಾರಿ ಆಸ್ಪತ್ರೆ ಸೇರಬೇಕು. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ತಾಲ್ಲೂಕು ಮಟ್ಟದಲ್ಲೇ ಉಚಿತವಾಗಿ ಕೊಡಿಸಲು ಕರ್ನಾಟಕ ಸರ್ಕಾರ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ರೂಪಿಸಿದೆ.

ತುತ್ತು ಗಂಟಲಲ್ಲಿ ಸಿಕ್ಕಿದಂತಾಗುವುದು, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತವಾಂತಿ, ಡಾಂಬರಿನಂಥ ಕಪ್ಪು ಮಲ, ರಕ್ತಹೀನತೆ, ನಿಲ್ಲದ ವಾಂತಿ ಇವು ಕಂಡರೆ ಗುಳಿಗೆ ಬದಲಿಸುತ್ತ ಕೂರದೆ ಎಂಡೋಸ್ಕೋಪಿ ಮಾಡಿಸಬೇಕು. ವರ್ಷಗಟ್ಟಲೆ ಆಮ್ಲ ಏರಿದ ಕೆಲವರಲ್ಲಿ ಅನ್ನನಾಳದ ಒಳಪದರ ಬದಲಾಗುವ ಬ್ಯಾರೆಟ್ ಸ್ಥಿತಿ ಉಂಟಾಗಿ, ಅದು ಅಪರೂಪಕ್ಕೆ ಕ್ಯಾನ್ಸರಿಗೆ ತಿರುಗುತ್ತದೆ. ಔಷಧಕ್ಕೆ ಬಗ್ಗದ, ಪರೀಕ್ಷೆಯಲ್ಲಿ ಖಚಿತವಾದ ಕಾಯಿಲೆಗೆ ರುಡಾಲ್ಫ್ ನಿಸ್ಸೆನ್ 1950ರ ದಶಕದಲ್ಲಿ ರೂಪಿಸಿದ, ಜಠರದ ಮೇಲ್ಭಾಗವನ್ನು ಅನ್ನನಾಳದ ಸುತ್ತ ಸುತ್ತುವ ಶಸ್ತ್ರಚಿಕಿತ್ಸೆಯಿದೆ. ಈಗ ಅದನ್ನು ಲ್ಯಾಪರೊಸ್ಕೋಪಿನ ಸಹಾಯದಿಂದ ಚಿಕ್ಕ ರಂಧ್ರಗಳ ಮೂಲಕ ಮಾಡುತ್ತಾರೆ. ಹಾಲು ಕಕ್ಕುತ್ತಿದ್ದರೂ ಚೆನ್ನಾಗಿ ಬೆಳೆಯುತ್ತಿರುವ ಎಳೆ ಕೂಸಿಗೆ ಆಮ್ಲ ತಡೆಮದ್ದು ಬೇಡ.

ಎಷ್ಟು ದಿನ, ಹೇಗೆ ನಿಲ್ಲಿಸುವುದು

ವಾರಕ್ಕೊಮ್ಮೆ ಬರುವ ಉರಿಗೆ ಆಂಟಾಸಿಡ್ ಅಥವಾ ಆಲ್ಜಿನೇಟ್ ಸಾಕು. ವಾರಕ್ಕೆ ಎರಡು ಬಾರಿಗೂ ಹೆಚ್ಚು ಕಾಡಿದರೆ ವೈದ್ಯರು ಪ್ರೋಟಾನ್ ಪಂಪ್ ತಡೆಯನ್ನು ನಾಲ್ಕರಿಂದ ಎಂಟು ವಾರ ಕೊಡುತ್ತಾರೆ. ತೀವ್ರ ಹುಣ್ಣು, ಬ್ಯಾರೆಟ್ ಸ್ಥಿತಿ, ರಕ್ತಸ್ರಾವದ ಅಪಾಯದ ನಡುವೆಯೂ ಆಸ್ಪಿರಿನ್ ಅಥವಾ ನೋವಿನ ಗುಳಿಗೆ ಬಿಡಲಾಗದ ಸ್ಥಿತಿ ಇದ್ದವರು ಮುಂದುವರಿಸಬೇಕು. ಉಳಿದವರು ಅವಧಿ ಮುಗಿದ ಮೇಲೆ ಕಡಿಮೆ ಪ್ರಮಾಣಕ್ಕೆ ಇಳಿದು ನಿಲ್ಲಿಸಬಹುದು.

ನಿಲ್ಲಿಸಿದ ಕೆಲವೇ ದಿನಗಳಲ್ಲಿ ಉರಿ ಮರಳಿದಾಗ ‘ಈ ಗುಳಿಗೆ ಇಲ್ಲದೆ ಆಗುವುದಿಲ್ಲ’ ಎಂದು ಹಲವರು ಕಾಯಂ ಬಳಕೆಗೆ ಇಳಿಯುತ್ತಾರೆ. ಇದರ ಹಿಂದೆ ಮದ್ದಿನದೇ ಕೈವಾಡವಿದೆ. ಆಮ್ಲ ಕಡಿಮೆಯಾದಾಗ ದೇಹ ಗ್ಯಾಸ್ಟ್ರಿನ್ ಹೆಚ್ಚು ಸುರಿಸಿ ಆಮ್ಲ ತಯಾರಿಸುವ ಸಾಮರ್ಥ್ಯವನ್ನು ಬೆಳೆಸಿಕೊಳ್ಳುತ್ತದೆ, ತಡೆ ತೆಗೆದೊಡನೆ ಅದು ಒಮ್ಮೆಲೆ ಹೊರಬೀಳುತ್ತದೆ. 2009ರಲ್ಲಿ ಡೆನ್ಮಾರ್ಕಿನ ಸಂಶೋಧಕರು ಯಾವ ತೊಂದರೆಯೂ ಇಲ್ಲದ 120 ಆರೋಗ್ಯವಂತರಲ್ಲಿ ಪರೀಕ್ಷೆ ನಡೆಸಿದರು. ಎಂಟು ವಾರ ಎಸೊಮೆಪ್ರಝೋಲ್ ಕೊಟ್ಟು ನಿಲ್ಲಿಸಿದವರಲ್ಲಿ ಶೇ. 44 ಜನರಿಗೆ ಆಮ್ಲದ ತೊಂದರೆ ಕಾಣಿಸಿಕೊಂಡಿತು. ಪೊಳ್ಳು ಗುಳಿಗೆ ಪಡೆದವರಲ್ಲಿ ಅದು ಶೇ. 15 ಮಾತ್ರ. ಮರಳಿ ಬಂದ ಈ ಉರಿ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಇಳಿಯುತ್ತದೆ. ಆ ಹೊತ್ತನ್ನು ಆಲ್ಜಿನೇಟ್, ಆಂಟಾಸಿಡ್ ಅಥವಾ ಫ್ಯಾಮೊಟಿಡಿನ್ ನೆರವಿನಿಂದ ದಾಟಬಹುದು. ಆದ್ದರಿಂದ ಗುಳಿಗೆ ಬರೆಸಿಕೊಳ್ಳುವ ದಿನವೇ ಅದನ್ನು ಯಾವ ವಾರ ನಿಲ್ಲಿಸಬೇಕೆಂದು ಕೇಳಿ ಚೀಟಿಯಲ್ಲಿ ಬರೆಸಿಕೊಳ್ಳುವುದು ರೋಗಿಯ ಹಕ್ಕು. ಅದನ್ನು ಕೇಳುವ ಮೊದಲೇ ತಿಳಿಸುವುದು ಮದ್ದು ಕೊಡುವವರ ಕರ್ತವ್ಯ.